ಸಿಡಿ ಕಳೆದರೆ ವಿಂಡೋಸ್ ಕಳೆಯಿತೇ?

ಹೊಸದುರ್ಗ, ಹಿರಿಯೂರು ಕಡೆಯ ದಾಳಿಂಬೆ ತೋಟಗಳಲ್ಲಿ ದಾರಕ್ಕೆ ಕಟ್ಟಿ ತೂಗುಬಿಟ್ಟ ಸಿಡಿಗಳನ್ನು ನೀವೂ ನೋಡಿರುತ್ತೀರಿ. ಬಿಸಿಲು ಬಿದ್ದಾಗ ಫಳಫಳ ಹೊಳೆಯುತ್ತವೆ, ಹಕ್ಕಿಗಳು ಬೆದರುತ್ತವೆ. ಹತ್ತಿರ ಹೋಗಿ ನೋಡಿದರೆ ಹಳೆಯ ಸಿನಿಮಾ, ಭಕ್ತಿಗೀತೆ, ಮದುವೆಯ ವಿಡಿಯೊ. ನಡುವೆ ಅಲ್ಲೊಂದು ಇಲ್ಲೊಂದು ಕಂಪ್ಯೂಟರಿನ ಜೊತೆ ಡಬ್ಬಿಯಲ್ಲಿ ಬಂದ ತಟ್ಟೆಯೂ ಸಿಗುತ್ತದೆ. ಕಂಪ್ಯೂಟರ್ ಕೊಂಡ ಹೊಸದರಲ್ಲಿ ಅದನ್ನು ಬೀರುವಿನಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಆಮೇಲೆ ಮನೆ ಸುಣ್ಣ ಬಳಿಯುವಾಗಲೋ, ಬಾಡಿಗೆ ಮನೆ ಬದಲಾಯಿಸುವಾಗಲೋ ಅದು ಮಕ್ಕಳ ಕೈಗೆ, ಅಲ್ಲಿಂದ ತೋಟಕ್ಕೆ. ಅದರ ನೆನಪಾಗುವುದು ಕಂಪ್ಯೂಟರ್ ನೀಲಿ ಪರದೆ ತೋರಿಸಿ ಸುಮ್ಮನೆ ಕುಳಿತ ದಿನ.

ಆಗ ಚಿತ್ರದುರ್ಗ ಜಿಲ್ಲೆಯ ಆರೂ ತಾಲ್ಲೂಕಿನಲ್ಲೂ ಕೇಳುವ ಪ್ರಶ್ನೆ ಒಂದೇ. "ಸಾರ್, ಒರಿಜಿನಲ್ ಸಿಡಿ ಕಳೆದುಹೋಗಿದೆ. ಈಗ ವಿಂಡೋಸ್ ಹಾಕಿಸೋದು ಹೇಗೆ?" ಇವತ್ತಿನ ಮಾತು ಇದರ ಬಗ್ಗೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಪಹಣಿಯ ಪ್ರತಿ ಇಲಿ ಕಡಿದು ಹೋದರೆ ಯಾರೂ ಹೊಲ ಹೋಯಿತೆಂದು ಅಳುವುದಿಲ್ಲ. ನಾಡಕಚೇರಿಗೆ ಹೋಗಿ ಇನ್ನೊಂದು ಪ್ರತಿ ತರುತ್ತಾರೆ, ಏಕೆಂದರೆ ಹಕ್ಕು ಇರುವುದು ದಾಖಲೆಯಲ್ಲಿ, ಕೈಯಲ್ಲಿರುವ ಹಾಳೆಯಲ್ಲಲ್ಲ. ವಿಂಡೋಸ್ ವಿಷಯದಲ್ಲೂ ನೀವು ದುಡ್ಡು ಕೊಟ್ಟು ಪಡೆದದ್ದು ಲೈಸೆನ್ಸ್, ಅಂದರೆ ಬಳಸುವ ಹಕ್ಕು. ತಟ್ಟೆ ಆ ತಂತ್ರಾಂಶವನ್ನು ಹೊತ್ತು ತಂದ ಗಾಡಿ, ಅಷ್ಟೆ. ಇದನ್ನು ತಿಳಿಯದೆ ನಮ್ಮ ಜನ ಸ್ವಂತ ಹಕ್ಕು ಯಂತ್ರದಲ್ಲೇ ಇಟ್ಟುಕೊಂಡು, ಕಳ್ಳ ಪ್ರತಿಗೆ ಮತ್ತೆ ದುಡ್ಡು ಕೊಡುತ್ತಿದ್ದಾರೆ. ಇದು ನನ್ನ ದೂರು.

ಹಾಗೆಂದು ಸಿಡಿಗೆ ಬೆಲೆಯೇ ಇರಲಿಲ್ಲ ಎಂದಲ್ಲ. ಒಂದು ಕಾಲಕ್ಕೆ ಎಲ್ಲವೂ ಅದರಲ್ಲೇ ಇತ್ತು. 1995ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ 95 ಸಿಡಿಯಲ್ಲೂ ಸಿಗುತ್ತಿತ್ತು, ಸಿಡಿ ಡ್ರೈವ್ ಇಲ್ಲದವರಿಗೆ 13 ಫ್ಲಾಪಿಗಳ ಕಟ್ಟಾಗಿಯೂ ಸಿಗುತ್ತಿತ್ತು. ಹದಿಮೂರರಲ್ಲಿ ಒಂದಕ್ಕೆ ಬೂಷ್ಟು ಹಿಡಿದರೂ ಉಳಿದ ಹನ್ನೆರಡು ದಂಡ. 2001ರ ಅಕ್ಟೋಬರ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು, 700 ಎಂಬಿಯ ಒಂದೇ ಸಿಡಿಯಲ್ಲಿ. ಅದರ ಜೊತೆಗೆ ಐದೈದು ಅಕ್ಷರಗಳ ಐದು ಗುಂಪು, ಒಟ್ಟು 25 ಅಕ್ಷರ–ಅಂಕಿಗಳ ಕೀ. ಕಂಪನಿ ಯಂತ್ರವಾದರೆ ಆ ಕೀ ಪೆಟ್ಟಿಗೆಯ ಪಕ್ಕದಲ್ಲೋ ಲ್ಯಾಪ್‌ಟಾಪಿನ ಹೊಟ್ಟೆಯ ಮೇಲೋ ಅಂಟಿಸಿದ ಚೀಟಿಯಲ್ಲಿ ಇರುತ್ತಿತ್ತು. ಮಡಿಲಲ್ಲಿಟ್ಟು ಬಳಸಿ ಬಳಸಿ ಬಿಸಿಗೂ ಬೆವರಿಗೂ ಆ ಚೀಟಿಯ ಅಕ್ಷರ ಅಳಿಸುತ್ತದೆ. ಬಿ ಯಾವುದು 8 ಯಾವುದು ಎಂದು ಟಾರ್ಚ್ ಹಿಡಿದು, ಭೂತಗನ್ನಡಿ ಹಿಡಿದು ಓದಿದವರಿದ್ದಾರೆ.

ಕನ್ನಡಿಗರಿಗೆ ಆ ಎಕ್ಸ್‌ಪಿ ಸಿಡಿ ಇನ್ನೊಂದು ಕಾರಣಕ್ಕೂ ಬೇಕಿತ್ತು. ಇದನ್ನು ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡದ ಬೆಂಬಲವೇನೋ ಇತ್ತು, ತುಂಗಾ ಎಂಬ ಹೆಸರಿನ ಕನ್ನಡ ಅಕ್ಷರವಿನ್ಯಾಸವೂ ಇತ್ತು. (ಭದ್ರಾ ಮೇಲ್ದಂಡೆಯ ನೀರಿಗಾಗಿ ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾದ ನಮ್ಮ ಜಿಲ್ಲೆಗೆ ತುಂಗೆ ಮೊದಲು ಬಂದದ್ದು ಫಾಂಟಿನ ರೂಪದಲ್ಲಿ!) ಆದರೆ ಈ ಬೆಂಬಲ ತಾನಾಗಿ ಚಾಲೂ ಆಗುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಭಾಷೆಗಳ ಪುಟದಲ್ಲಿ ಕ್ಲಿಷ್ಟ ಲಿಪಿಗಳ ಕಡತಗಳನ್ನು ಹಾಕು ಎಂಬ ಚೌಕಕ್ಕೆ ಗುರುತು ಹಾಕಬೇಕು. ಹಾಕಿದ ಕೂಡಲೇ ಅದು ಕೇಳುತ್ತಿದ್ದದ್ದು: ಎಕ್ಸ್‌ಪಿ ಸಿಡಿ ಹಾಕಿ. ಸಿಡಿ ಇಲ್ಲವೆಂದರೆ ಕನ್ನಡವೂ ಇಲ್ಲ. ಅಂತರ್ಜಾಲದಲ್ಲಿ ಕನ್ನಡ ಪುಟ ತೆರೆದರೆ ಚೌಕ ಚೌಕ ಡಬ್ಬಿಗಳು, ಇಲ್ಲವೇ ಒತ್ತಕ್ಷರ ಒಂದು ಕಡೆ, ಗುಣಿತ ಇನ್ನೊಂದು ಕಡೆ. ವಿಂಡೋಸ್ ವಿಸ್ತಾದಿಂದೀಚೆಗೆ ಈ ತಾಪತ್ರಯ ತಪ್ಪಿತು. ಅಲ್ಲಿಯವರೆಗೆ ಎಷ್ಟೋ ಸೈಬರ್ ಕೆಫೆಗಳಲ್ಲಿ ಕನ್ನಡ ಕಾಣದಿದ್ದದ್ದಕ್ಕೆ ಒಂದು ಕಾರಣ ಈ ಕಾಣೆಯಾದ ತಟ್ಟೆ.

ಇನ್ನೊಂದು ಸತ್ಯವನ್ನೂ ಒಪ್ಪಿಕೊಳ್ಳೋಣ. "ಒರಿಜಿನಲ್ ಸಿಡಿ ಕಳೆದಿದೆ" ಎನ್ನುವವರಲ್ಲಿ ಹಲವರ ಬಳಿ ಒರಿಜಿನಲ್ ಇದ್ದದ್ದೇ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ನಮ್ಮೂರಲ್ಲಿ ಜೋಡಿಸಿದ ಅಸೆಂಬಲ್ಡ್ ಕಂಪ್ಯೂಟರ್ ಅದು. ಅದರ ಜೊತೆ ಕೊಟ್ಟ ಸಿಡಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ "ಎಕ್ಸ್‌ಪಿ ಎಸ್‌ಪಿ3" ಎಂದು ಬರೆದಿತ್ತು, ಕೀ ಕೂಡ ಅದೇ ಪೆನ್ನಿನಲ್ಲಿ. ಮಾರಿದವರು ಒರಿಜಿನಲ್ ಎಂದರು, ಕೊಂಡವರು ನಂಬಿದರು. ಅಂಥ ಯಂತ್ರದಲ್ಲಿ ಕಳೆದುಕೊಳ್ಳುವ ಹಕ್ಕೇ ಇರಲಿಲ್ಲ. ನಿಮ್ಮದು ಇದರಲ್ಲಿ ಯಾವ ಪೈಕಿ ಎಂದು ಮೊದಲು ತಿಳಿದುಕೊಳ್ಳಿ. ಕಂಪನಿಯ ಹೆಸರಿರುವ ಲ್ಯಾಪ್‌ಟಾಪನ್ನು ವಿಂಡೋಸ್ ಸಮೇತ ಬಿಲ್ ಹಾಕಿಸಿ ಕೊಂಡಿದ್ದರೆ ಹಕ್ಕು ನಿಮ್ಮದು, ಸಿಡಿ ಇರಲಿ ಬಿಡಲಿ.

ಆಮೇಲಾಮೇಲೆ ಕಂಪನಿಗಳೇ ಸಿಡಿ ಕೊಡುವುದನ್ನು ನಿಲ್ಲಿಸಿದವು. ಹಾರ್ಡ್ ಡಿಸ್ಕಿನ ಒಂದು ಮೂಲೆಯಲ್ಲಿ ರಿಕವರಿ ಪಾರ್ಟಿಷನ್ ಎಂದು ಜಾಗ ಬೇರ್ಪಡಿಸಿ, ವಿಂಡೋಸಿನ ಪ್ರತಿಯನ್ನು ಅದರೊಳಗೇ ಅಡಗಿಸಿಟ್ಟು ಕೊಟ್ಟರು. ಹೊಸ ಲ್ಯಾಪ್‌ಟಾಪ್ ಬಿಚ್ಚಿದ ಮೊದಲ ವಾರ, ನಿಮ್ಮ ರಿಕವರಿ ಡಿವಿಡಿ ನೀವೇ ಮಾಡಿಕೊಳ್ಳಿ ಎಂದು ಅದು ದಿನಾ ಕೇಳುತ್ತಿತ್ತು. ನಾವು ದಿನಾ ಕ್ಯಾನ್ಸಲ್ ಒತ್ತಿದೆವು. ಈಗಲೂ ಆ ಅಡಗಿಸಿಟ್ಟ ಜಾಗ ಹಾಳಾಗದೆ ಇದ್ದರೆ ಕೆಲಸ ಬಹಳ ಸುಲಭ. ಯಂತ್ರ ಆನ್ ಮಾಡಿದ ಕೂಡಲೇ ಎಚ್‌ಪಿಯಲ್ಲಿ ಎಫ್11, ಏಸರ್‌ನಲ್ಲಿ ಆಲ್ಟ್ ಜೊತೆ ಎಫ್10, ಏಸಸ್‌ನಲ್ಲಿ ಎಫ್9 ಒತ್ತುತ್ತಿದ್ದರೆ ಅದು ತೆರೆದುಕೊಳ್ಳುತ್ತದೆ. ಲೆನೊವೊದ ಅನೇಕ ಮಾದರಿಗಳಲ್ಲಿ ಪಿನ್ನಿನ ಮೊನೆಯಷ್ಟೇ ದೊಡ್ಡದಾದ ನೊವೊ ಎಂಬ ಗುಂಡಿ ಇರುತ್ತದೆ. ಆದರೆ "ಇದ್ದರೆ" ಎಂಬ ಮಾತನ್ನು ಗಮನಿಸಿ. ಏಕೆಂದರೆ ಆ ಜಾಗ ಬಹಳ ಕಡೆ ಇರುವುದಿಲ್ಲ. ಯಾಕೆ ಇರುವುದಿಲ್ಲ ಎಂಬುದನ್ನು ಕೇಳಿ.

ಹೊಳಲ್ಕೆರೆಯಲ್ಲಿ ಒಬ್ಬ ಅಡಿಕೆ ವ್ಯಾಪಾರಿಯ ಮಳಿಗೆಯಲ್ಲಿ ಕುಳಿತಿದ್ದೆ. ಕಂಪ್ಯೂಟರ್ ಆರಂಭವಾಗುತ್ತಿರಲಿಲ್ಲ, ಸರ್ವಿಸ್ ಹುಡುಗ ಬಂದಿದ್ದ. ನಡೆದ ಮಾತುಕತೆ ಇಷ್ಟೇ.

"ಅಣ್ಣಾ, ಸಿಡಿ ಐತಾ?"

"ಎಲ್ಲೈತಪ್ಪ, ಮನೆ ಖಾಲಿ ಮಾಡೋವಾಗ ಹೋಯ್ತು."

"ಇರ್ಲಿ ಬಿಡಣ್ಣ, ನನ್ ಪೆನ್ ಡ್ರೈವ್‌ನಾಗೆ ಐತೆ. ಫಾರ್ಮ್ಯಾಟ್ ಹೊಡೆದ್ಬಿಡ್ತೀನಿ. ಒಳಗೆ ಏನಾರ ಬೇಕಾದ್ದು ಐತಾ?"

"ಲೆಕ್ಕ ಐತಲ್ಲಪ್ಪ, ವರ್ಷದ್ದೆಲ್ಲ."

ಹುಡುಗ ಆಗಲೇ ಪಾರ್ಟಿಷನ್ ಪಟ್ಟಿಯ ಪರದೆ ತಲುಪಿದ್ದ. ಅಲ್ಲಿ ಡ್ರೈವ್ ಸೊನ್ನೆ, ಪಾರ್ಟಿಷನ್ ಒಂದು, ಎರಡು, ಮೂರು, ನಾಲ್ಕು ಎಂದು ಸಾಲಾಗಿ ಕಾಣುತ್ತದೆ. ಯಾವುದು ಲೆಕ್ಕದ್ದು, ಯಾವುದು ರಿಕವರಿಯದ್ದು ಎಂದು ಅಲ್ಲಿ ಕನ್ನಡದಲ್ಲಿ ಬರೆದಿರುವುದಿಲ್ಲ. ಅವನ ಅಭ್ಯಾಸವೆಂದರೆ ಒಂದೊಂದನ್ನೇ ಆರಿಸಿ ಡಿಲೀಟ್ ಒತ್ತುತ್ತ ಹೋಗುವುದು. "ಎಲ್ಲಾ ಕ್ಲೀನಾಗಿ ಹಾಕಿದ್ರೆ ಸ್ಪೀಡ್ ಬರ್ತದೆ" ಎಂಬ ನಂಬಿಕೆ. ನಾನು ತಡೆದದ್ದರಿಂದ ವರ್ಷದ ಲೆಕ್ಕ ಉಳಿಯಿತು. ನಮ್ಮ ಕಡೆ ಎಷ್ಟೋ ಯಂತ್ರಗಳಲ್ಲಿ ಕಂಪನಿ ಇಟ್ಟ ರಿಕವರಿ ಜಾಗ ಅಳಿದದ್ದು ಮೊದಲ ಫಾರ್ಮ್ಯಾಟಿನ ದಿನ, ಈ ಪರದೆಯ ಮುಂದೆ.

ಹುಡುಗನನ್ನು ಬೈಯುವ ಉದ್ದೇಶ ನನಗಿಲ್ಲ. ಐದು ನೂರು ರೂಪಾಯಿಗೆ ಮಧ್ಯಾಹ್ನದೊಳಗೆ ಯಂತ್ರ ನಡೆಯುವಂತೆ ಮಾಡು ಎಂದು ನಾವೇ ಅವನ ತಲೆ ಮೇಲೆ ಕುಳಿತಿರುತ್ತೇವೆ. ಅವನ ಪೆನ್ ಡ್ರೈವಿನಲ್ಲಿರುವುದು ಸಾಮಾನ್ಯವಾಗಿ ವಿಂಡೋಸ್ ಪ್ರೊ. ನಿಮ್ಮ ಲ್ಯಾಪ್‌ಟಾಪ್ ಜೊತೆ ಬಂದದ್ದು ಸಾಮಾನ್ಯವಾಗಿ ಹೋಮ್ ಸಿಂಗಲ್ ಲ್ಯಾಂಗ್ವೇಜ್. ಪ್ರೊಗೆ ನಿಮ್ಮಲ್ಲಿ ಲೈಸೆನ್ಸ್ ಇಲ್ಲ. ಆದ್ದರಿಂದ ಅವನು ಆ್ಯಕ್ಟಿವೇಟರ್ ಎಂಬ ಕಳ್ಳ ಕೀಲಿಯನ್ನು ಓಡಿಸುತ್ತಾನೆ. ಅದು ಓಡಬೇಕಾದರೆ ಮೊದಲು ವೈರಸ್ ರಕ್ಷಣೆಯನ್ನು ಆಫ್ ಮಾಡಬೇಕು. ಕಾವಲುಗಾರನನ್ನು ಕಳಿಸಿ, ಗುರುತಿಲ್ಲದ ತಂತ್ರಾಂಶವೊಂದಕ್ಕೆ ಯಂತ್ರದ ಪೂರ್ಣ ಅಧಿಕಾರ ಕೊಟ್ಟಂತಾಯಿತು. ಸಂಜೆ ಅದೇ ಯಂತ್ರದಲ್ಲಿ ನೀವು ಬ್ಯಾಂಕ್ ಖಾತೆ ತೆರೆಯುತ್ತೀರಿ.

ಕಾನೂನಿನ ಮಾತನ್ನೂ ಸೇರಿಸುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ತಿಳಿದೂ ತಿಳಿದೂ ಕಳ್ಳ ತಂತ್ರಾಂಶ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ಬಳಸಿದವರಿಗೆ ನ್ಯಾಯಾಲಯ ಜೈಲು ಬಿಟ್ಟು ದಂಡವಷ್ಟೇ ಹಾಕಬಹುದು. ಅದೇ ಕಾಯ್ದೆಯ 52ನೇ ಕಲಮು, ತಂತ್ರಾಂಶವನ್ನು ನ್ಯಾಯವಾಗಿ ಪಡೆದವರು ಕಳೆದುಹೋದೀತು, ಕೆಟ್ಟೀತು ಎಂಬ ಮುನ್ನೆಚ್ಚರಿಕೆಗೆ ಒಂದು ಪ್ರತಿ ಮಾಡಿಟ್ಟುಕೊಳ್ಳಲು ಒಪ್ಪಿಗೆಯನ್ನೂ ಕೊಟ್ಟಿದೆ. ಮೊದಲನೆಯದು ಕೆಲವರಿಗಾದರೂ ಗೊತ್ತು. ಎರಡನೆಯದನ್ನು ಯಾರೂ ಹೇಳುವುದಿಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು?

ಮೊದಲು, ವಿಂಡೋಸ್ ಮತ್ತೆ ಹಾಕುವ ಅಗತ್ಯ ನಿಜವಾಗಿ ಇದೆಯೇ ನೋಡಿ. ಜೋಗಿಮಟ್ಟಿಯ ಸಾಲು ಗುಡ್ಡಗಳ ಮೇಲೆ ಗಾಳಿಯಂತ್ರಗಳು ಹಗಲೂ ರಾತ್ರಿ ತಿರುಗುತ್ತಿದ್ದರೂ ಕೆಳಗಿನ ಹಳ್ಳಿಗಳಲ್ಲಿ ಕರೆಂಟು ಹೋಗುವುದು ನಿಂತಿಲ್ಲ. ಯುಪಿಎಸ್ ಇಲ್ಲದ ಯಂತ್ರ ಬರೆಯುತ್ತಿರುವಾಗಲೇ ಕರೆಂಟು ಹೋದರೆ ವಿಂಡೋಸಿನ ಕಡತಗಳು ಅರ್ಧಂಬರ್ಧವಾಗುತ್ತವೆ. ಇಂಥ ಸಣ್ಣ ಗಾಯವನ್ನು ಅದು ತಾನೇ ಮಾಯಿಸಿಕೊಳ್ಳಬಲ್ಲದು. ವಿಂಡೋಸ್ 10 ಮತ್ತು 11 ಸತತವಾಗಿ ಎರಡು ಮೂರು ಸಲ ಆರಂಭವಾಗದೆ ಹೋದರೆ ದುರಸ್ತಿಯ ಪರದೆಗೆ ತಾವಾಗಿಯೇ ಬರುತ್ತವೆ. ಅಲ್ಲಿ ಸ್ಟಾರ್ಟಪ್ ರಿಪೇರ್ ಮಾಡಿ ನೋಡಿ. ಆಗದಿದ್ದರೆ ರೀಸೆಟ್ ದಿಸ್ ಪಿಸಿ ಎಂಬ ಆಯ್ಕೆ ಇದೆ. ಕಡತಗಳನ್ನು ಉಳಿಸಿಕೊಂಡು ವಿಂಡೋಸನ್ನು ಮಾತ್ರ ಹೊಸದಾಗಿ ಹಾಕುವ ಅವಕಾಶವೂ ಅದರಲ್ಲಿದೆ. ಕ್ಲೌಡ್ ಡೌನ್‌ಲೋಡ್ ಆರಿಸಿದರೆ ಪ್ರತಿಯನ್ನು ಮೈಕ್ರೋಸಾಫ್ಟಿನಿಂದಲೇ ತರಿಸಿಕೊಳ್ಳುತ್ತದೆ, 4 ಜಿಬಿಗೂ ಹೆಚ್ಚು ಡೇಟಾ ಬೇಕಾಗುತ್ತದೆ. ಸಿಡಿಯ ಮಾತೇ ಬರುವುದಿಲ್ಲ. ಆದರೆ ಹಾರ್ಡ್ ಡಿಸ್ಕು ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ, ಕಡತ ತೆರೆಯಲು ನಿಮಿಷಗಟ್ಟಲೆ ಎಳೆಯುತ್ತಿದ್ದರೆ, ಕೆಟ್ಟಿರುವುದು ವಿಂಡೋಸ್ ಅಲ್ಲ, ಡಿಸ್ಕು. ಅದರ ಮೇಲೆ ಎಷ್ಟು ಸಲ ಫಾರ್ಮ್ಯಾಟ್ ಹೊಡೆಸಿದರೂ ದುಡ್ಡು ದಂಡ. ಹೊಸ ಎಸ್‌ಎಸ್‌ಡಿ ಹಾಕಿಸಿ.

ಎರಡನೆಯದು ನಿಮ್ಮ ಕಡತಗಳು. ವಿಂಡೋಸ್ ಎಲ್ಲಿ ಬೇಕಾದರೂ ಸಿಗುತ್ತದೆ, ಮಗಳ ನಾಮಕರಣದ ಫೋಟೊ ಎಲ್ಲೂ ಸಿಗುವುದಿಲ್ಲ. ಯಂತ್ರ ಆರಂಭವಾಗದಿದ್ದರೂ ಕಡತ ತೆಗೆಯಲು ಬರುತ್ತದೆ. ಉಬುಂಟು ಅಥವಾ ಲಿನಕ್ಸ್ ಮಿಂಟ್ ತುಂಬಿದ ಪೆನ್ ಡ್ರೈವಿನಿಂದ ಯಂತ್ರ ಆರಂಭಿಸಿ, ಇನ್‌ಸ್ಟಾಲ್ ಮಾಡದೆ ಸುಮ್ಮನೆ ನೋಡುವ ಆಯ್ಕೆ ಒತ್ತಿದರೆ ನಿಮ್ಮ ಡಿಸ್ಕಿನ ಕಡತಗಳು ಕಾಣುತ್ತವೆ. ಅವನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಜನ ಮರೆಯುವುದು ಡೆಸ್ಕ್‌ಟಾಪ್. ಅದರ ಮೇಲಿಟ್ಟದ್ದೆಲ್ಲ ಇರುವುದು ಸಿ ಡ್ರೈವಿನಲ್ಲೇ. ಟ್ಯಾಲಿ ಬಳಸುವ ಮಂಡಿಯವರು ಡೇಟಾ ಫೋಲ್ಡರ್ ನಕಲು ಮಾಡಿದರೆ ಸಾಲದು. ಯಂತ್ರ ಇನ್ನೂ ನಡೆಯುತ್ತಿದ್ದರೆ ಫಾರ್ಮ್ಯಾಟಿಗೆ ಮುಂಚೆ ಟ್ಯಾಲಿಯ ಲೈಸೆನ್ಸನ್ನು ಸರೆಂಡರ್ ಮಾಡಿ. ಭೀಮಸಮುದ್ರದಲ್ಲಿ ಅಡಿಕೆ ವಹಿವಾಟಿನ ಭರಾಟೆಯ ದಿನ ಲೈಸೆನ್ಸ್ ಸಿಕ್ಕಿಕೊಂಡರೆ ಬಿಲ್ ಬರೆಯುವುದು ಕೈಯಲ್ಲೇ.

ಹೊಸ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಗಳು ಇನ್ನೊಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಹಿರಿಯೂರಿನಿಂದ ಬೆಂಗಳೂರಿಗೆ ಓದಲು ಹೋಗುವ ಹುಡುಗರು ಕೊಳ್ಳುವ ವಿಂಡೋಸ್ 11 ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬಿದ್ದಿರುವುದುಂಟು. ಅದನ್ನು ಬಿಟ್‌ಲಾಕರ್ ಅನ್ನುತ್ತಾರೆ. ಯಾವುದೋ ದುರಸ್ತಿಯ ನಡುವೆ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಯಂತ್ರ ಬಳಸುತ್ತಿದ್ದರೆ ಆ ಕೀ ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಅದು ಸಿಗದಿದ್ದರೆ ಒಳಗಿನ ಕಡತಗಳ ಆಸೆ ಬಿಡಬೇಕು, ಲಿನಕ್ಸ್ ಪೆನ್ ಡ್ರೈವೂ ತೆರೆಯಲಾರದು.

ಈಗ ಇನ್‌ಸ್ಟಾಲ್ ಮಾಡುವುದಕ್ಕೆ ಬರೋಣ. 8 ಜಿಬಿಯ ಒಂದು ಪೆನ್ ಡ್ರೈವ್ ತೆಗೆದುಕೊಳ್ಳಿ. ಅದರಲ್ಲಿದ್ದದ್ದೆಲ್ಲ ಅಳಿದುಹೋಗುತ್ತದೆ, ಆದ್ದರಿಂದ ಖಾಲಿಯದ್ದಾಗಿರಲಿ. ನೆಂಟರ ಮನೆಯ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಸ್ವಂತ ತಾಣದಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು ಓಡಿಸಿದರೆ ಅದು ಪೆನ್ ಡ್ರೈವನ್ನು ತಯಾರು ಮಾಡಿಕೊಡುತ್ತದೆ. ಇದಕ್ಕೆ ಹಣವಿಲ್ಲ. ನೆಂಟರ ಲೈಸೆನ್ಸಿಗೂ ಇದಕ್ಕೂ ಸಂಬಂಧವಿಲ್ಲ. ಆಮೇಲೆ ನಿಮ್ಮ ಯಂತ್ರವನ್ನು ಆ ಪೆನ್ ಡ್ರೈವಿನಿಂದ ಆರಂಭಿಸಿ. ನಡುವೆ ಕೀ ಕೇಳಿದರೆ, ನನ್ನ ಬಳಿ ಕೀ ಇಲ್ಲ ಎಂಬ ಸಾಲನ್ನು ಧೈರ್ಯವಾಗಿ ಒತ್ತಿ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಕಂಪನಿ ಯಂತ್ರಗಳ ಕೀ ಚೀಟಿಯ ಮೇಲಿಲ್ಲ, ಮದರ್‌ಬೋರ್ಡಿನ ಚಿಪ್ಪಿನಲ್ಲಿದೆ. ಇನ್‌ಸ್ಟಾಲರ್ ಅದನ್ನು ತಾನೇ ಓದಿಕೊಂಡು ಹೋಮ್ ಬೇಕೋ ಪ್ರೊ ಬೇಕೋ ಎಂಬುದನ್ನೂ ತೀರ್ಮಾನಿಸುತ್ತದೆ. ಈ ಹಿಂದೆ ಅದೇ ಯಂತ್ರದಲ್ಲಿ ಅಸಲಿ ವಿಂಡೋಸ್ 10 ನಡೆದಿದ್ದರೆ ಅದರ ದಾಖಲೆ ಮೈಕ್ರೋಸಾಫ್ಟಿನ ಬಳಿ ಇರುತ್ತದೆ, ಇಂಟರ್ನೆಟ್ ಸಿಕ್ಕ ಕೂಡಲೇ ಆ್ಯಕ್ಟಿವೇಟ್ ಆಗುತ್ತದೆ. ಮದರ್‌ಬೋರ್ಡ್ ಬದಲಾಯಿಸಿದ್ದರೆ ಮಾತ್ರ ತಕರಾರು.

ಇಂಟರ್ನೆಟ್ ಸಿಗುವುದೇ ಕೆಲವೊಮ್ಮೆ ಕಷ್ಟ. ಹೊಸ ವಿಂಡೋಸಿಗೆ ನಿಮ್ಮ ವೈಫೈ ಚಿಪ್ಪಿನ ಗುರುತು ಸಿಗದಿದ್ದರೆ ಡ್ರೈವರ್ ಬೇಕು, ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು. ಮೊಬೈಲನ್ನು ಚಾರ್ಜರ್ ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಬಹುಮಟ್ಟಿಗೆ ಈ ಗಂಟು ಬಿಚ್ಚಿಕೊಳ್ಳುತ್ತದೆ. ಎಕ್ಸ್‌ಪಿ ಕಾಲದವರಿಗೆ ಇದಕ್ಕಿಂತ ದೊಡ್ಡ ಕಾಟವಿತ್ತು. ಹೊಸ ಮಾದರಿಯ ಸಾಟಾ ಹಾರ್ಡ್ ಡಿಸ್ಕ್ ಇದ್ದರೆ ಇನ್‌ಸ್ಟಾಲ್ ಆರಂಭದಲ್ಲೇ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡಿ ಎನ್ನುತ್ತಿತ್ತು. ಆ ಲ್ಯಾಪ್‌ಟಾಪುಗಳಲ್ಲಿ ಫ್ಲಾಪಿ ಹಾಕಲು ಜಾಗವೇ ಇರಲಿಲ್ಲ!

ಎಲ್ಲ ಮುಗಿಯಿತು, ಯಂತ್ರ ಹೊಸದರಂತೆ ಓಡುತ್ತಿದೆ ಅಂದುಕೊಳ್ಳುವ ಹೊತ್ತಿಗೆ ಕನ್ನಡದ ಸರದಿ ಬರುತ್ತದೆ. ಹೊಸದುರ್ಗದಂಥ ಊರಿನ ಡಿಟಿಪಿ ಅಂಗಡಿ ನೆನೆಸಿಕೊಳ್ಳಿ. ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು, ಬಗರ್ ಹುಕುಂ ಅರ್ಜಿ, ಸಂಘದ ವಾರ್ಷಿಕ ವರದಿ, ಎಲ್ಲವೂ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದವು. ಫಾರ್ಮ್ಯಾಟ್ ಆದಮೇಲೆ ಉಳಿಸಿಟ್ಟ ಕಡತ ತೆರೆದರೆ ಕನ್ನಡ ಮಾಯ! ತಲೆಯ ಮೇಲೆ ಚುಕ್ಕೆ, ಗೆರೆ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಅಂಗಡಿಯವರಿಗೆ ಎದೆ ಧಸಕ್ಕೆನ್ನುತ್ತದೆ. ವೈರಸ್ ಬಂದಿದೆ, ಡೇಟಾ ಹಾಳಾಗಿದೆ ಎಂದು ಕಡತಗಳನ್ನು ಅಳಿಸಿಬಿಟ್ಟವರೂ ಇದ್ದಾರೆ.

ಅಲ್ಲಿ ಏನೂ ಹಾಳಾಗಿರುವುದಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಅಕ್ಷರವಿನ್ಯಾಸಗಳು ಯೂನಿಕೋಡಿಗಿಂತ ಬೇರೆ ಪದ್ಧತಿಯವು. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ್ದರು. ಕಡತದ ಒಳಗೆ ಉಳಿದಿರುವುದು ಆ ಸ್ಥಾನಗಳ ಸಂಖ್ಯೆ ಮಾತ್ರ. ನುಡಿಯ ಫಾಂಟ್ ಯಂತ್ರದಲ್ಲಿದ್ದರೆ ಅದು ಕನ್ನಡವಾಗಿ ಕಾಣುತ್ತದೆ, ಇಲ್ಲದಿದ್ದರೆ ಇಂಗ್ಲಿಷ್ ಗೊಂದಲವಾಗಿ ಕಾಣುತ್ತದೆ. ನುಡಿಯನ್ನು ಮತ್ತೆ ಹಾಕಿ ಕಡತ ತೆರೆಯಿರಿ, ಅಕ್ಷರಗಳು ಇದ್ದಲ್ಲೇ ಇರುತ್ತವೆ. ಶೇಷಾದ್ರಿವಾಸು ಅವರ ಬರಹ ತಂತ್ರಾಂಶದ ಹಳೆಯ ಕಡತಗಳಿಗೂ ಇದೇ ಮಾತು. ನುಡಿ ಉಚಿತ, ಇಂದಿಗೂ ಸಿಗುತ್ತದೆ. ಆದರೂ ನೀವು ಬಳಸುವ ಆವೃತ್ತಿಯ ಇನ್‌ಸ್ಟಾಲರ್ ಕಡತವನ್ನು ಡೇಟಾ ಜೊತೆಗೇ ಒಂದು ಕಡೆ ಇಡಿ. ಹೊಸದಾಗಿ ಬೆರಳಚ್ಚು ಮಾಡುವುದನ್ನು ಯೂನಿಕೋಡಿನಲ್ಲೇ ಮಾಡಿ. ಹಳೆಯ ಕಡತಗಳಲ್ಲಿ ಬೇಕಾದವನ್ನು ಪರಿವರ್ತಕಗಳಿಂದ ಯೂನಿಕೋಡಿಗೆ ತಂದುಕೊಳ್ಳಿ. ಇಷ್ಟು ಮಾಡಿದರೆ ಮುಂದಿನ ಫಾರ್ಮ್ಯಾಟಿಗೆ ಕನ್ನಡ ಹೋಗುವ ಭಯ ಇರುವುದಿಲ್ಲ. ನನ್ನ ಮಟ್ಟಿಗೆ ವಿಂಡೋಸಿನ ಸಿಡಿಗಿಂತ ಈ ನುಡಿಯ ಕಡತ ಹೆಚ್ಚು ಬೆಲೆಯದ್ದು.

ಇನ್ನು ಹಳೆಯ ಯಂತ್ರಗಳು. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಿತು. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಬೆಂಬಲ ನಿಂತ ವಿಂಡೋಸಿನ ಅಸಲಿ ಸಿಡಿ ನಿಮ್ಮ ಬೀರುವಿನಲ್ಲೇ ಇದ್ದರೂ ಅದನ್ನು ಹಾಕಿ ಇಂಟರ್ನೆಟ್ಟಿಗೆ ಹೋಗುವುದು ಕ್ಷೇಮವಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಜಡಿದು ದುಡ್ಡು ಕೇಳಿತು. ಅದು ನುಗ್ಗಿದ್ದು ತೇಪೆ ಹಾಕದೆ ಬಿಟ್ಟ ವಿಂಡೋಸ್ ಯಂತ್ರಗಳಿಗೆ. ಬೆಂಬಲ ಮುಗಿದು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತುರ್ತಾಗಿ ತೇಪೆ ಬಿಡುಗಡೆ ಮಾಡಬೇಕಾಯಿತು. ಇತ್ತ ವಿಂಡೋಸ್ 11 ಹಾಕೋಣವೆಂದರೆ ಅದು 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಅದರ ಮೇಲೆ ಹೊಸ ಪ್ರೊಸೆಸರ್ ಕೇಳುತ್ತದೆ. ಹತ್ತು ವರ್ಷದ ಹಿಂದಿನ ಗಟ್ಟಿಮುಟ್ಟು ಯಂತ್ರ ಇದರಲ್ಲಿ ಪಾಸಾಗುವುದಿಲ್ಲ.

ಅಂಥ ಯಂತ್ರಕ್ಕೆ ಲಿನಕ್ಸ್ ಹಾಕಿ. ಇದನ್ನು ಹೇಳಿದ ತಕ್ಷಣ ಅದು ಇಂಜಿನಿಯರುಗಳಿಗೆ ಮಾತ್ರ ಎನ್ನುವವರಿದ್ದಾರೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಕಲಿಯುತ್ತಿರುವುದು ಲಿನಕ್ಸಿನಲ್ಲೇ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಸೇರಿ. 2004ರಲ್ಲಿ ಶುರುವಾದ ಉಬುಂಟು ತಂಡ ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುತ್ತಿತ್ತು, 2011ರವರೆಗೆ. ಈಗ ಇಳಿಸಿಕೊಂಡರಾಯಿತು. ಅದನ್ನು ನಕಲು ಮಾಡಿ ನೆರೆಯವರಿಗೆ ಕೊಡುವುದು ಕಾನೂನಿಗೆ ವಿರುದ್ಧವಲ್ಲ, ಲೈಸೆನ್ಸೇ ಹಾಗೆ ಕೊಡಿ ಎನ್ನುತ್ತದೆ. ಕಳೆದುಹೋಗಲು ಕೀ ಇಲ್ಲ. ಲಿನಕ್ಸ್ ಮಿಂಟ್‌ಗೆ 2 ಜಿಬಿ ರ‍್ಯಾಮ್ ಸಾಕು, 4 ಇದ್ದರೆ ಹಿತ. ಕನ್ನಡ ಬೆರಳಚ್ಚಿಗೆ ಕಗಪ ಕೀಲಿಮಣೆ ಅದರಲ್ಲೇ ಬರುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿಯವರಿಗೆ ಅಭ್ಯಾಸವಾಗಿರುವ ಅದೇ ಕೀಲಿಮಣೆ. ಮಕ್ಕಳ ಓದು, ಪತ್ರ ಬರೆಯುವುದು, ಇಂಟರ್ನೆಟ್, ಸಿನಿಮಾ, ಇಷ್ಟಕ್ಕೆ ಧಾರಾಳವಾಗಿ ಸಾಕು. ಆದರೆ ಟ್ಯಾಲಿ ಅದರಲ್ಲಿ ನೇರವಾಗಿ ಓಡುವುದಿಲ್ಲ, ನುಡಿಯ ಹಳೆಯ ತಂತ್ರಾಂಶವೂ ಓಡುವುದಿಲ್ಲ. ಮಂಡಿಗೆ, ಡಿಟಿಪಿ ಅಂಗಡಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಮನೆಗೆ, ಊರಿನ ವಾಚನಾಲಯಕ್ಕೆ, ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಧೂಳು ತಿನ್ನುತ್ತಿರುವ ಯಂತ್ರಗಳಿಗೆ ಖಂಡಿತ ಮಾಡುತ್ತೇನೆ.

ಕೊನೆಗೆ ಒಂದು ವಿನಂತಿ. ಯಂತ್ರ ಚೆನ್ನಾಗಿ ನಡೆಯುತ್ತಿರುವಾಗಲೇ ಅದರ ಹೊಟ್ಟೆಯ ಚೀಟಿಯ ಫೋಟೊ ತೆಗೆದಿಡಿ. ಒಂದು ಪೆನ್ ಡ್ರೈವಿನಲ್ಲಿ ವಿಂಡೋಸ್ ತುಂಬಿಸಿ, ಮೇಲೆ ಹೆಸರು ಬರೆದು ಮನೆಯ ಪತ್ರಗಳ ಜೊತೆ ಇಡಿ. ಕೀ ಇರುವ ಚೀಟಿಯ ಫೋಟೊವನ್ನು ವಾಟ್ಸಾಪಿನಲ್ಲಿ ಯಾರಿಗೂ ಕಳಿಸಬೇಡಿ. ಅಂಗಡಿಗೆ ಕೊಡಲೇಬೇಕಾದರೆ ಡಿ ಡ್ರೈವ್ ಮುಟ್ಟಬಾರದು, ನನ್ನ ಯಂತ್ರದ ಸ್ವಂತ ಲೈಸೆನ್ಸೇ ಹಾಕಬೇಕು ಎಂದು ಮೊದಲೇ ಹೇಳಿ. ಹಣ ಕೊಡುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಟಿವೇಷನ್ ಪುಟ ತೆಗೆಸಿ ನೋಡಿ. ಡಿಜಿಟಲ್ ಲೈಸೆನ್ಸ್ ಎಂಬ ಮಾತು ಅಲ್ಲಿರಬೇಕು. ಅದರ ಬದಲು ನಿಮ್ಮ ಆರ್ಗನೈಸೇಷನ್ನಿನ ಆ್ಯಕ್ಟಿವೇಷನ್ ಸರ್ವಿಸ್ ಎಂದಿದ್ದರೆ, ನಮ್ಮ ಮನೆಗೆ ಆರ್ಗನೈಸೇಷನ್ ಎಲ್ಲಿಂದ ಬಂತಪ್ಪ ಎಂದು ಅಲ್ಲೇ ಕೇಳಿ, ತೆಗೆಸಿ ಸರಿಯಾದದ್ದನ್ನು ಹಾಕಿಸಿಕೊಂಡೇ ದುಡ್ಡು ಕೊಡಿ.